ದೊಡ್ಡ ಹೊಟ್ಟೆಯ ಹಡಗು

ಅಂತರಿಕ್ಷದಲ್ಲಿ ಹಡಗು ನಡೆಸುವ ಆ ಆನ್‌ಲೈನ್ ಆಟಕ್ಕೆ ನನ್ನನ್ನು ಎಳೆದವನು ಲಿಂಗಸುಗೂರಿನ ನನ್ನ ಗೆಳೆಯ. ಕಲಬುರಗಿಯಲ್ಲಿ ಓದುವಾಗ ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಲು ಸೇರಿದೆ, ಅವನಿಗೆ ಊರಿನಲ್ಲೇ ಸರ್ಕಾರಿ ನೌಕರಿ ಸಿಕ್ಕಿತು. ಆಟದಲ್ಲಿ ಅವನು ಹಳಬ, ಒಂದು ತಂಡದ ಮುಖ್ಯಸ್ಥ. ಮುಖ ಕಾಣದ ಎಷ್ಟೋ ದೇಶಗಳ ಹುಡುಗರು ಅವನ ಮಾತಿಗೆ ಹಡಗು ತಿರುಗಿಸುತ್ತಿದ್ದರು. ನಾನು ಅದಿರು ಅಗೆಯುವವನು. ಅಗೆಯುವುದೆಂದರೆ ತೇಲುವ ಬಂಡೆಯ ಪಕ್ಕ ಹಡಗು ನಿಲ್ಲಿಸಿ, ಅದರ ಮೇಲೆ ಕಿರಣ ಹಾಯಿಸಿ, ಹಡಗಿನ ಹೊಟ್ಟೆ ತುಂಬುವ ತನಕ ಕಾಯುವುದು. ಉತ್ತರ ಪತ್ರಿಕೆ ತಿದ್ದುತ್ತಲೇ ಮಾಡಬಹುದಾದ ಕೆಲಸ.

ನಮ್ಮ ಜತೆ ಮೂರನೆಯವನಾಗಿ ಸೇರಿದ್ದು ಗೆಳೆಯನ ಅಕ್ಕನ ಗಂಡ, ಮಸ್ಕಿಯವನು. ಸಿಂಧನೂರಿನ ರೈಸ್ ಮಿಲ್ಲುಗಳಿಗೆ ತನ್ನ ಹಳೆ ಪಿಕಪ್ ಗಾಡಿ ಓಡಿಸುತ್ತಿದ್ದ. ಗೆಳೆಯ ಅವನನ್ನು ಮಾಮಾ ಎಂದು, ಅವನು ಗೆಳೆಯನನ್ನು ಅಳಿಯಾ ಎಂದು ಕರೆಯುತ್ತಿದ್ದರು. ನನಗೂ ಅವನು ಮಾಮಾನೇ ಆದ. ನನಗಿಂತ ದೊಡ್ಡವನಾದರೂ ನನ್ನನ್ನು ಸರ ಎನ್ನುತ್ತಿದ್ದ.

ನಮ್ಮ ಕಡೆ ಅಕ್ಕನ ಗಂಡನನ್ನು ಕಾಡುವುದಕ್ಕೆ ಬೀಗತನವೇ ಪರವಾನಗಿ. ಚಪ್ಪಲಿ ಅಡಗಿಸುತ್ತಾರೆ, ಚಹಾಕ್ಕೆ ಉಪ್ಪು ಹಾಕುತ್ತಾರೆ. ಸಿಟ್ಟಾದವನು ಸೋತಂತೆ. ಮಕ್ಕಳು ಹುಟ್ಟಿ ಶಾಲೆಗೆ ಹೋಗುವ ಹೊತ್ತಿಗೆ ಇದೆಲ್ಲ ತಣ್ಣಗಾಗುತ್ತದೆ. ಆ ಮನೆಯಲ್ಲಿ ತಣ್ಣಗಾಗಲಿಲ್ಲ. ಅಲ್ಲಿ ಎಲ್ಲರೂ ಓದಿದವರು, ತಿಂಗಳ ಸಂಬಳದವರು. ಮಾಮಾ ಪಿಯುಸಿ ಫೇಲ್. ಅವನು ಊಟಕ್ಕೆ ಕೂತರೆ ಅತ್ತೆಯಿಂದ ಹಿಡಿದು ನಾದಿನಿಯ ಗಂಡನವರೆಗೆ ಪ್ರತಿಯೊಬ್ಬರಿಗೂ ಒಂದು ಹಾಸ್ಯ ಸಿದ್ಧವಿರುತ್ತಿತ್ತು. ಒಮ್ಮೆ ಗಾಡಿ ಓಡಿಸುತ್ತ ನನಗೆ ಹೇಳಿದ್ದ: "ಸರ, ಅವರ ಮನ್ಯಾಗ ನಾ ಬಾಯಿ ತೆರಿಯೂದಕ್ಕ ತಡ, ನಗಾಕ ಚಾಲೂ ಮಾಡ್ತಾರ. ಒಂದ್ ಸಲರ ನಗಲಾರದ ನನ್ನ ಮಾತು ಪೂರಾ ಕೇಳಬೇಕ್ರೀ. ಅಷ್ಟ ಸಾಕು." ಅವನು ಆಟಕ್ಕೆ ಬಂದದ್ದೂ ಅದಕ್ಕೇ. ಊಟದ ಹೊತ್ತಿನಲ್ಲಿ ಗೆಳೆಯ ಹಡಗಿನ ಸುದ್ದಿ ತೆಗೆದರೆ ಎಲ್ಲರೂ ಕಿವಿಗೊಡುತ್ತಿದ್ದರು. ತಾನೂ ಆ ಮಾತಿಗೆ ಮಾತು ಸೇರಿಸಬೇಕು ಎಂಬುದು ಅವನ ಆಸೆ. ಗೆಳೆಯ ತನ್ನ ಹಳೆ ಲ್ಯಾಪ್‌ಟಾಪ್ ಕೊಟ್ಟ. ಅದು ಕೊಟ್ಟದ್ದಲ್ಲ, ಹೊಸ ತಮಾಷೆಗೆ ಮಾಡಿಕೊಂಡ ಏರ್ಪಾಡು ಎಂದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಹೊಸಬರಿಗೆ ಆಟದವರೇ ಒಂದು ಪುಟ್ಟ ಹಡಗು ಕೊಡುತ್ತಾರೆ. ಅದರ ಹೊಟ್ಟೆ ಚಿಕ್ಕದು, ಕಿರಣ ಬಡಕಲು. ಮಾಮಾನ ಹಡಗು ಬೇಗ ತುಂಬುತ್ತಿತ್ತು. ಪ್ರತಿ ಸಲ ನಿಲ್ದಾಣಕ್ಕೆ ಹೋಗಿ ಖಾಲಿ ಮಾಡಿ ಬರುವುದು ಬೇಸರವೆಂದು, ಅವನು ಅದಿರನ್ನು ಡಬ್ಬಿಗಳಲ್ಲಿ ಹೊರಗೆ ತೇಲಿಬಿಟ್ಟು, ಆಮೇಲೆ ಒಟ್ಟಿಗೆ ಒಯ್ಯೋಣವೆಂದು ಅಗೆಯುತ್ತ ಹೋದ. ಹಾಗೆ ಬಿಡುವುದು ಆಟದಲ್ಲಿ ಸಾಧ್ಯ. ಆದರೆ ತೇಲುವ ಡಬ್ಬಿಗೆ ಯಾರು ಬೇಕಾದರೂ ಕೈ ಹಾಕಬಹುದು. ಊಟ ಮುಗಿಸಿ ಬಂದು ನೋಡಿದರೆ ಒಂದೂ ಇರಲಿಲ್ಲ. ಅವನು ನನಗೆ ಫೋನ್ ಮಾಡಿದ. ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

"ಸರ, ರಸ್ತಿ ಮ್ಯಾಲ ನೆಲ್ಲು ಹರವಿ, ಸುತ್ತ ನಾಕ್ ಕಲ್ಲಿಟ್ಟು ಮನಿಗಿ ಹೋಗ್ತೀವಿ. ಯಾರರ ಮುಟ್ತಾರೇನ್ರೀ? ಇವರೆಂಥಾ ಮಂದಿ?"

ಕಾಲುವೆಯ ಕೆಳಗಿನ ಊರುಗಳಲ್ಲಿ ಕೊಯ್ಲಿನ ಕಾಲಕ್ಕೆ ಅರ್ಧ ರಸ್ತೆ ನೆಲ್ಲೇ ಇರುತ್ತದೆ. ರಾಶಿ ರಾತ್ರಿಯೆಲ್ಲ ಬಯಲಲ್ಲಿ ಬಿದ್ದಿರುತ್ತದೆ, ಬಸ್ಸು ಲಾರಿಗಳು ಬಳಸಿಕೊಂಡು ಹೋಗುತ್ತವೆ, ಒಂದು ಹಿಡಿ ಕಡಿಮೆಯಾಗುವುದಿಲ್ಲ. ಆ ನಂಬಿಕೆಯನ್ನು ಮಾಮಾ ನಕ್ಷತ್ರಗಳ ನಡುವೆ ಒಯ್ದಿದ್ದ. ನಾನು ನಗಲಿಲ್ಲ. ಗೆಳೆಯ ಮಾತ್ರ ಈ ಸಂಗತಿಯನ್ನು ತನ್ನ ತಂಡಕ್ಕೆಲ್ಲ ಇಂಗ್ಲಿಷಿನಲ್ಲಿ ವರ್ಣಿಸಿದ, ಮನೆಯಲ್ಲಿ ಕನ್ನಡದಲ್ಲಿ ವರ್ಣಿಸಿದ. "ಮಾಮಾ, ಮುಂದಿನ ಸಲ ಸುತ್ತ ಕಲ್ಲಿಡೂದು ಮರೀಬ್ಯಾಡ" ಎಂದು ಕಂಡಕಂಡಲ್ಲಿ ಚುಚ್ಚಿದ.

ಮಾಮಾ ಬಿಡಲಿಲ್ಲ. ಮಿಲ್ಲಿನ ಮುಂದೆ ಲೋಡಿಗೆ ಕಾಯುವಾಗ ಗಾಡಿಯ ಕ್ಯಾಬಿನ್ನಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿ, ಮೊಬೈಲಿನ ನೆಟ್ಟಿನಲ್ಲಿ ಅಗೆಯುತ್ತಿದ್ದ. ಬೇಸಿಗೆ ಪೂರ್ತಿ ಅಗೆದು ಕೊನೆಗೆ ಗಣಿಗಾರಿಕೆಯ ದೊಡ್ಡ ಹಡಗು ಕೊಳ್ಳುವ ಮಟ್ಟಕ್ಕೆ ಬಂದ. ಅಂಥ ಹಡಗುಗಳಲ್ಲಿ ಮೂರು ಬಗೆ. ಒಂದು ಬೇಗ ಅಗೆಯುತ್ತದೆ. ಒಂದರ ಗೋಡೆ ದಪ್ಪ, ಹೊಡೆತ ತಾಳುತ್ತದೆ, ಆದರೆ ಅಗೆತ ನಿಧಾನ. ಮೂರನೆಯದರದು ದೊಡ್ಡ ಹೊಟ್ಟೆ, ಗೋಡೆ ಕಾಗದದಷ್ಟು ತೆಳು.

ಯಾವುದನ್ನು ಆರಿಸಲಿ ಎಂದು ಇಬ್ಬರನ್ನೂ ಕೇಳಿದ. ಹೊಸಬನಿಗೆ ದಪ್ಪ ಗೋಡೆಯದೇ ಸರಿ ಎಂದೆ ನಾನು. ಗೆಳೆಯ ಒಪ್ಪಲಿಲ್ಲ.

"ದೊಡ್ಡ ಹೊಟ್ಟಿದು ತಗೋ ಮಾಮಾ. ಹೊರಗ ಇಡೂದ ಬ್ಯಾಡ, ಕಳುವಾಗೂದ ಬ್ಯಾಡ."

"ಗೋಡಿ ತೆಳ್ಳಗೈತಿ ಅಂತ ಸರ ಹೇಳ್ತಾರಲ್ಲೋ ಅಳಿಯಾ?"

"ಪೊಲೀಸ್ರಿರೋ ಜಾಗಾದಾಗ ಅಗಿಯಾಂವಗ ಗೋಡಿ ಯಾಕ ಬೇಕು? ಮೇಷ್ಟ್ರು ಅಂಜುಬುರುಕ ಅದಾನ, ಅವನ ಮಾತು ಕೇಳಬ್ಯಾಡ."

ಡಬ್ಬಿ ಕಳೆದುಕೊಂಡ ಅವಮಾನ ಇನ್ನೂ ಹಸಿಯಾಗಿತ್ತು. ಮಾಮಾ ದೊಡ್ಡ ಹೊಟ್ಟೆಯದನ್ನೇ ಕೊಂಡ. ಗೆಳೆಯ ಹೇಳದೆ ಬಿಟ್ಟ ಒಂದು ಮಾತಿತ್ತು. ಆ ಆಟದಲ್ಲಿ ಪೊಲೀಸರು ಬರುವುದು ಹೊಡೆತ ಬಿದ್ದ ಮೇಲೆ. ಬಂದು ಹೊಡೆದವನ ಹಡಗನ್ನು ಸುಡುತ್ತಾರೆ, ಸತ್ತವನದು ಸತ್ತಂತೆಯೇ. ತನ್ನ ಅಗ್ಗದ ಹಡಗನ್ನು ಕಳೆದುಕೊಳ್ಳಲು ಸಿದ್ಧನಿರುವವನು ಯಾರನ್ನಾದರೂ ಹೊಡೆಯಬಹುದು.

ಅಮಾವಾಸ್ಯೆಯ ಹೋಳಿಗೆ ಊಟಕ್ಕೆ ಲಿಂಗಸುಗೂರಿನ ಮನೆಗೆ ನನ್ನನ್ನೂ ಕರೆದಿದ್ದರು. ಊಟವಾದ ಮೇಲೆ ಗೆಳೆಯ ತಾನೇ ಮುಂದಾಗಿ ಮಾಮಾನ ಲ್ಯಾಪ್‌ಟಾಪನ್ನು ಹಾಲಿನ ಟಿವಿಗೆ ಜೋಡಿಸಿದ. "ಎಲ್ಲಾರೂ ಬರ್ರಿ, ಮಾಮಾನ ಹಡಗ ನೋಡ್ರಿ" ಎಂದು ಕೂಗಿ ಕರೆದು, ತಾನು ಒಳಕೋಣೆಗೆ ಹೋದ. ಅತ್ತೆ, ನಾದಿನಿ, ಪಕ್ಕದ ಮನೆಯವರು ಎಲ್ಲ ಚಾಪೆಯ ಮೇಲೆ ಕೂತರು. ಕಪ್ಪು ಆಕಾಶದಲ್ಲಿ ಮಾಮಾನ ಹಡಗು ಬಸುರಿ ಎಮ್ಮೆಯ ಹಾಗೆ ನಿಂತಿತ್ತು.

"ಇದಕ್ಕ ಬಾಡಿಗಿ ಬರ್ತದೇನಪ?" ಎಂದರು ಅತ್ತೆ. ಎಲ್ಲರೂ ನಕ್ಕರು. ಮಾಮಾ ಬಂಡೆ ಯಾವುದು, ಕಿರಣ ಯಾವುದು, ಅದಿರು ಎಲ್ಲಿ ಬೀಳುತ್ತದೆ ಎಂದು ತಾಳ್ಮೆಯಿಂದ ಹೇಳತೊಡಗಿದ. ನಗೆ ನಿಂತಿತು. ಪಕ್ಕದ ಮನೆಯ ಹೆಂಗಸು ಒಂದು ಪ್ರಶ್ನೆ ಕೇಳಿದಳು, ಅವನು ಉತ್ತರಿಸಿದ, ಎಲ್ಲರೂ ಕೇಳಿದರು. ಅವನ ಹೆಂಡತಿ ಬಂದು ಅವನ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು. ಅವನು ಬೇಡಿದ್ದು ಅಷ್ಟೇ, ಅದು ಸಿಕ್ಕಿತ್ತು.

ಆಗ ಪರದೆಯ ಮೇಲೆ ಚಿಕ್ಕ ಚಿಕ್ಕ ಹಡಗುಗಳು ಮೂಡಿದವು.

"ಇವ್ಯಾರವಪಾ?" ಅತ್ತೆ ಕೇಳಿದರು.

"ಯಾರರ ದಾರಿಹೋಕರು ಇರಬೇಕತ್ತಿ. ಇದು ಪೊಲೀಸ್ರ ಜಾಗಾ, ಅಂಜಬ್ಯಾಡ್ರಿ."

ಒಳಕೋಣೆಯ ಬಾಗಿಲಿನ ಹಿಂದೆ ಗೆಳೆಯನ ದನಿ ಎಣಿಸುತ್ತಿತ್ತು: ಥ್ರೀ, ಟೂ, ವನ್. ಆ ಹಡಗುಗಳು ಅವನ ತಂಡದವೆಂದು ನನಗೆ ಆ ಕ್ಷಣಕ್ಕೆ ತಿಳಿಯಿತು. ಬಾಯಿ ತೆರೆಯುವಷ್ಟರಲ್ಲಿ ಟಿವಿ ಬೆಳ್ಳಗಾಯಿತು. ಹಡಗು ಒಡೆದು ಚೂರಾಗಿ, ಮಾಮಾ ಮೊಟ್ಟೆಯಾಕಾರದ ಒಂದು ಗೂಡಿನೊಳಗೆ ಒಬ್ಬನೇ ತೇಲುತ್ತಿದ್ದ. ಹಡಗು ಹೋದ ಮೇಲೆ ಆಟಗಾರನಿಗೆ ಉಳಿಯುವುದು ಅದೊಂದೇ.

ಗೆಳೆಯ ಕುತ್ತಿಗೆಗೆ ಹೆಡ್‌ಫೋನ್ ಹಾಕಿಕೊಂಡೇ ಹೊರಗೆ ಓಡಿಬಂದ. "ನೋಡ್ರಿ ನೋಡ್ರಿ, ಮಾಮಾ ತತ್ತಿಯಾಗ ಕುಂತಾನ!"

ಮನೆ ನಗೆಯಿಂದ ತುಂಬಿತು. ಅತ್ತೆ ಕಣ್ಣೊರೆಸಿಕೊಂಡರು. ಮಾಮಾನ ಹೆಂಡತಿ ಸೆರಗು ಬಾಯಿಗೆ ಒತ್ತಿ ಹಿಡಿದು ಬಗ್ಗಿ ಬಗ್ಗಿ ನಕ್ಕಳು.

"ದೊಡ್ಡ ಹೊಟ್ಟಿದ ತಗೋ ಅಂತ ನೀನ ಹೇಳಿದ್ದೆಲ್ಲೋ ಅಳಿಯಾ" ಎಂದ ಮಾಮಾ.

"ನಾ ಹೇಳಿದೆ. ನೀ ಕೇಳಿದಿ!"

ಮತ್ತೆ ನಗೆ. ಮಾಮಾನೂ ನಕ್ಕ. ಸಿಟ್ಟಾದವನು ಸೋತಂತೆ ಎಂಬ ಕಟ್ಟಳೆ ಅವನಿಗೂ ಗೊತ್ತಿತ್ತು.

ಸಂಜೆಗೆ ಮುಂಚೆ ಮೂವರೂ ಸಿಂಧನೂರಿಗೆ ಹೊರಟೆವು. ನಾನು ಮನೆಗೆ, ಗೆಳೆಯ ಮಿಲ್ಲಿನಿಂದ ಅಕ್ಕಿ ತರಲಿಕ್ಕೆ. ಪಿಕಪ್ಪಿನಲ್ಲಿ ಮಾಮಾ ಸ್ಟೇರಿಂಗಿಗೆ, ನಡುವೆ ನಾನು, ಎಡಬಾಗಿಲಿಗೆ ಗೆಳೆಯ. ಆ ಬಾಗಿಲನ್ನು ಹೊರಗಿನಿಂದಷ್ಟೇ ತೆಗೆಯಬಹುದಿತ್ತು, ಒಳಗಿನ ಹಿಡಿ ಮುರಿದು ಎಷ್ಟೋ ಕಾಲವಾಗಿತ್ತು. ಗೆಳೆಯ ಹಡಗು ಒಡೆದ ವಿಡಿಯೊವನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿದ. ತನ್ನ ತಂಡದವರು ಬರೆದ ಕುಚೋದ್ಯಗಳನ್ನು ಅನುವಾದ ಮಾಡಿ ಓದಿದ. "ತತ್ತಿ ಮಾಮಾ, ಮರಿ ಯಾವಾಗ?" ಎಂದ. ಸಾಕು ಬಿಡೋ ಎಂದೆ ನಾನು. ಮಾಮಾ ಮುಗುಳ್ನಗುತ್ತ ಗಾಡಿ ಓಡಿಸುತ್ತಿದ್ದ. ಆ ಮುಗುಳ್ನಗೆ ಮಸ್ಕಿ ದಾಟಿದ ಮೇಲೂ ಹಾಗೇ ಇತ್ತು.

ಕಾಲುವೆ ಸಿಕ್ಕ ಕೂಡಲೇ ಅವನು ಡಾಂಬರು ಬಿಟ್ಟು ದಂಡೆಯ ಮಣ್ಣುದಾರಿಗೆ ಇಳಿಸಿದ. ಒಳದಾರಿ ಇರಬೇಕೆಂದುಕೊಂಡೆವು. ನೀರು ತುಂಬಿ ಹರಿಯುತ್ತಿತ್ತು. ಸ್ವಲ್ಪ ಮುಂದೆ ಎಮ್ಮೆ ಮೈ ತೊಳೆಯಲು ದಂಡೆ ಕಡಿದು ಮಾಡಿದ ಇಳಿಜಾರು. ಅಲ್ಲಿ ಸರಕ್ಕನೆ ತಿರುಗಿಸಿದ. ಗಾಡಿಯ ಮೂತಿ ನೀರಿಗೆ ಮುಖ ಮಾಡಿ ನಿಂತಿತು. ಎಡಗಡೆಯ ಮುಂದಿನ ಚಕ್ರದ ಕೆಳಗೆ ಆಗಲೇ ನೀರಿತ್ತು. ಎಂಜಿನ್ ಬಂದ್ ಮಾಡಿ, ಬಾಗಿಲು ತೆಗೆದು ಇಳಿದ. ಅವನು ಬ್ರೇಕಿನಿಂದ ಕಾಲೆತ್ತಿದ ಕ್ಷಣ ಗಾಡಿ ಒಮ್ಮೆ ಮುಂದಕ್ಕೆ ಜೋಲಿ ಹೊಡೆದು, ಗೇರಿನ ಮೇಲೆ ತಡೆದು ನಿಂತಿತು.

"ನೀವು ಇಳೀರಿ ಸರ" ಎಂದ.

ನಾನು ತೆವಳಿ ಇಳಿದೆ. ಗೆಳೆಯ ನನ್ನ ಹಿಂದೆಯೇ ಸರಿದು ಬಂದ. ಮಾಮಾ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತ. "ನೀ ಅಲುಗಾಡಬ್ಯಾಡ ಅಳಿಯಾ. ಅಲುಗಾಡಿದ್ರ ಹೋಗ್ತದ."

"ಲೇ ಮಾಮಾ, ಚೇಷ್ಟಿ ಸಾಕು. ನನಗ ಈಜು ಬರಂಗಿಲ್ಲ."

"ಗೊತ್ತೈತಿ. ಇದರ ಗೋಡಿ ದಪ್ಪೈತೇನು, ತೆಳ್ಳಗೈತೇನು?"

"ಮಾಮಾ!"

"ಹೇಳು. ನಾ ಹೊಸಬ, ನನಗೇನ ತಿಳೀತದ. ನೀ ಹೇಳಬೇಕು."

"ತೆಳ್ಳಗೈತಿ. ತೆಳ್ಳಗೈತ್ಯೋ ಮಾರಾಯಾ, ಬಾಗ್ಲ ತೆಗಿ."

"ಪೊಲೀಸ್ರು ಯಾವಾಗ ಬರ್ತಾರ?"

ಗಾಡಿ ಕೆಸರಿನಲ್ಲಿ ಒಂದು ಗೇಣು ಜಾರಿತು. ಗೆಳೆಯನ ಗಂಟಲಿನಿಂದ ಕುರಿಮರಿಯ ದನಿ ಹೊರಟಿತು.

"ಹೊಡದ ಮ್ಯಾಲ" ಎಂದ. "ಹೊಡದ ಮ್ಯಾಲ ಬರ್ತಾರ."

"ಹೌದು. ನನ್ನ ಹಡಗೂ ಅಗ್ಗದ್ದ ಅಳಿಯಾ. ಹೋದ್ರ ಹೋಗ್ಲಿ."

ನಾನು ದಂಡೆಯ ಮೇಲೆ ಕಿತ್ತು ಬಿದ್ದಿದ್ದ ಕಲ್ಲುಗಳನ್ನು ಹೊತ್ತು ತಂದು ಚಕ್ರದ ಮುಂದೆ ಒಡ್ಡಲು ನೋಡಿದೆ. ಒಂದು ಕಲ್ಲು ಕೆಸರಿನಲ್ಲಿ ಜಾರಿ ನೀರಿಗೆ ಉರುಳಿ ಹೋಯಿತು. ಅದು ಮುಳುಗಿದ ಸದ್ದಿಗೆ ಗೆಳೆಯ ಅಳತೊಡಗಿದ. ಅಷ್ಟು ಓದಿದವನು, ಅಷ್ಟು ಜನರನ್ನು ಆಳುವವನು, ಮುಖವನ್ನು ಗಾಜಿಗೆ ಒತ್ತಿ, ಮಾಮಾ ಮಾಮಾ ಎನ್ನುತ್ತ ಅಳುತ್ತಿದ್ದ. ಮಾಮಾ ತಿರುಗಿ ಅವನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಮಿಲ್ಲಿನಲ್ಲಿ ಲೋಡು ಸರಿಯಾಗಿ ಕೂತಿದೆಯೋ ಎಂದು ನೋಡುವಾಗಿನ ಕಣ್ಣು ಅದು. ಆಮೇಲೆ ಬಾಗಿಲು ತೆಗೆದು ಒಳಗೆ ಹತ್ತಿ, ಎಂಜಿನ್ ಹಚ್ಚಿ, ಕೆಸರು ಚಿಮ್ಮಿಸುತ್ತ ಹಿಂದಕ್ಕೆ ತೆಗೆದ. "ಹತ್ರಿ ಸರ, ಮಿಲ್ ಬಂದ್ ಆಗ್ತದ" ಎಂದ.

ಸಿಂಧನೂರಿನಲ್ಲಿ ಅಕ್ಕಿ ಚೀಲಗಳನ್ನು ತಾನೇ ಹೊತ್ತು ಹಾಕಿದ. ಗೆಳೆಯನಿಗೆ ಮುಟ್ಟಲು ಬಿಡಲಿಲ್ಲ.

ಈ ಸಂಗತಿಯನ್ನು ಮನೆಯಲ್ಲಿ ಮೊದಲು ಹೇಳಿದವನು ಗೆಳೆಯನೇ, ಅದೂ ತಮಾಷೆಯಾಗಿ. ಮಾಮಾ ಎಂಥಾ ಚೇಷ್ಟೆ ಮಾಡಿದ, ಹ್ಯಾಂಡ್‌ಬ್ರೇಕ್ ಹಾಕಿಟ್ಟು ನನ್ನನ್ನು ಹೆದರಿಸಿದ ಎಂದ. ಎಲ್ಲರೂ ನಕ್ಕರಂತೆ, ಆದರೆ ಆ ನಗೆ ಬೇಗ ಮುಗಿಯಿತಂತೆ. ಆ ಮೇಲೆ ನಾನು ಆ ಮನೆಗೆ ಹೋದಾಗ ಕಂಡದ್ದು ಇದು: ಮಾಮಾನಿಗೆ ಮೊದಲು ಬಡಿಸುತ್ತಾರೆ. ಅವನು ಬಾಯಿ ತೆರೆದರೆ ಚಮಚದ ಸದ್ದೂ ನಿಲ್ಲುತ್ತದೆ. ಗೆಳೆಯ ತಲೆ ತಗ್ಗಿಸಿ ಊಟ ಮಾಡುತ್ತಾನೆ. ಮಾಮಾ ಆಟ ಬಿಟ್ಟಿದ್ದಾನೆ, ಲ್ಯಾಪ್‌ಟಾಪ್ ವಾಪಸ್ ಕೊಟ್ಟಿದ್ದಾನೆ. ನಾನೂ ಆ ಆಟವನ್ನು ಮತ್ತೆ ತೆರೆದಿಲ್ಲ. ಪಾಠ ಮಾಡುವಾಗ, ಘರ್ಷಣೆ ಎಂದು ಬೋರ್ಡಿನ ಮೇಲೆ ಬರೆಯುವಾಗ, ಗಾಡಿ ಆ ಒಂದು ಗೇಣು ಜಾರುತ್ತದೆ. ಮಕ್ಕಳು ಸರ್ ಎಂದು ಕರೆಯುವ ತನಕ ಸೀಮೆಸುಣ್ಣ ಹಿಡಿದು ನಿಂತಿರುತ್ತೇನೆ.

ಮೊನ್ನೆ ಕಾಲೇಜು ಬಿಡುವ ಹೊತ್ತಿಗೆ ಮಾಮಾನ ಹೆಂಡತಿ ಗೇಟಿನ ಬಳಿ ನಿಂತಿದ್ದಳು. ಸಂತೆಗೆ ಬಂದಿದ್ದೆ ಎಂದಳು. ಚೀಲ ಖಾಲಿಯಿತ್ತು.

"ಸರ, ಒಂದ್ ಮಾತು ಕೇಳ್ತೀನಿ. ನಡುವ ನೀವ ಕುಂತಿದ್ರಿ. ಅವರು ಹ್ಯಾಂಡ್‌ಬ್ರೇಕ್ ಹಾಕಿದ್ರಲ್ರೀ?"

ಇಳಿಯುವಾಗ ನಾನು ಅದರ ಮೇಲಿಂದಲೇ ತೆವಳಿದ್ದೆ. ಅದು ನೆಲಕ್ಕೆ ಅಂಟಿಕೊಂಡಂತೆ ಮಲಗಿತ್ತು. ಈ ಹೆಣ್ಣುಮಗಳು ದಿನಾ ಅವನಿಗೆ ರೊಟ್ಟಿ ಬಡಿಸಬೇಕು. ಹಾಕಿದ್ದ ಎಂದುಬಿಡುವುದು ಸುಲಭವಿತ್ತು. ಅವಳ ಮುಖ ನೋಡಿದರೆ ಆ ಸುಳ್ಳನ್ನು ಕೇಳಲು ಇಷ್ಟು ದೂರ ಬಂದವಳಲ್ಲ ಅನಿಸಿತು.

"ಇಲ್ಲ" ಎಂದೆ.

ಅವಳು ತಲೆಯಾಡಿಸಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಅವತ್ತು ಮನ್ಯಾಗ ನಾನೂ ನಕ್ಕಿದ್ದೆನ್ರೀ" ಎಂದಳು. "ಯಾರು ಯಾರು ನಕ್ಕಾರಂತ ಅವರು ನೋಡ್ಯಾರ."

ಮಸ್ಕಿಯ ಬಸ್ಸು ಬಂತು. ಹತ್ತುವ ಮುಂಚೆ ಅವಳು ಒಮ್ಮೆ ತಡೆದು ನಿಂತು, ಹಿಂದಿದ್ದವರಿಗೆಲ್ಲ ದಾರಿ ಬಿಟ್ಟು, ಕೊನೆಯವಳಾಗಿ ಹತ್ತಿದಳು.