ಐದು ಮೀಟರಿನ ಸುಳ್ಳು

ಪ್ರಿಂಟರಿನಿಂದ ಬಿಸಿ ಕಾಗದ ಹೊರಬರುವಾಗ ಒಂದು ಕಮಟು ವಾಸನೆ ಇರುತ್ತದಲ್ಲ, ಅದನ್ನು ನಾನು ಈಗಲೂ ಸಹಿಸಲಾರೆ. ಕೊಲ್ಲಿ ನಾಡಿಗೆ ಬಂದು ರುಸೈಲಿನ ಕಾರ್ಖಾನೆಯಲ್ಲಿ ನಕ್ಷೆ ಬರೆದು ಹೊಟ್ಟೆ ಹೊರೆಯುವವನಿಗೆ ಈ ವಾಸನೆ ಆಗದಿದ್ದರೆ ಹೇಗೆ ಎಂದು ನೀವು ನಗಬಹುದು. ಇವತ್ತೂ ಹಾಳೆಗಳನ್ನು ಸಹೋದ್ಯೋಗಿಯಿಂದಲೇ ತರಿಸಿಕೊಂಡೆ.

ನನ್ನ ಹೆಂಡತಿ ಸುಮಾ ಧಾರವಾಡದ ಕಾಲೇಜಿನಲ್ಲಿ ಎನ್‌ಸಿಸಿ ಸೇರಿ ಪಿಸ್ತೂಲು ಹಿಡಿದವಳು. ಮದುವೆಯಾಗಿ ಇಲ್ಲಿ ನಾನಿರುವ ಸೀಬ್ ಊರಿಗೆ ಬಂದಮೇಲೆ ಹಿಡಿದದ್ದು ಸೌಟು ಮತ್ತು ಕಾರಿನ ಸ್ಟಿಯರಿಂಗು. ಮೂರು ವರ್ಷದ ಹಿಂದೆ, ನಲವತ್ತೈದು ದಾಟಿದವರಿಗೂ ಬೆಂಗಳೂರಿನಲ್ಲಿ ಸ್ಪರ್ಧೆಯಿದೆಯೆಂದು ಗೆಳತಿಯೊಬ್ಬಳು ತಿಳಿಸಿದ್ದೇ ತಡ, ರಜೆಯಲ್ಲಿ ಹೋಗಿಯೇ ಸಿದ್ಧವೆಂದಳು. ಸ್ಪರ್ಧೆಯ ಗುರಿ ಹತ್ತು ಮೀಟರ್ ದೂರ. ನಮ್ಮ ಫ್ಲ್ಯಾಟಿನ ಕಾರಿಡಾರು ಆರು ಮೀಟರೂ ಇಲ್ಲ.

"ಅರ್ಧಾ ದೂರಕ್ಕ ಅರ್ಧಾ ಗುರಿ ಬರದು ಕೊಡ್ರಿ. ಕಣ್ಣಿಗೆ ಮಾತ್ರ ಹತ್ತು ಮೀಟರಿನಾಗ ಕಂಡಂಗ ಕಾಣಬೇಕು."

ಬರೆದುಕೊಟ್ಟೆ. ಆರು ಸೆಂಟಿಮೀಟರಿನ ಕಪ್ಪು ವೃತ್ತ ಮೂರಕ್ಕಿಳಿಯಿತು, ಒಳಗಿನ ಅಂಕದ ಉಂಗುರಗಳೂ ಅರ್ಧಕ್ಕೆ ಕುಗ್ಗಿದವು. ಐದು ಮೀಟರ್ ಅಳೆದು ನೆಲಕ್ಕೆ ಟೇಪು ಅಂಟಿಸಿದೆ. ದೀಪ ಗುರಿಯ ಮೇಲಷ್ಟೇ ಬೀಳುವಂತೆ ತಿರುಗಿಸಿದೆ. ಗುಂಡಿಲ್ಲ, ಟ್ರಿಗರ್ ಒತ್ತಿದರೆ ಗುರಿಯ ಮೇಲೆ ಕೆಂಪು ಬೆಳಕಿನ ಚುಕ್ಕಿ ಮೂಡಿಸುವ ಅಭ್ಯಾಸದ ಪಿಸ್ತೂಲು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಅಂಕ ಕೂಗುವ ಅಂಪೈರ್ ನಾನು. ಜನ್ಮದಲ್ಲಿ ಒಂದು ಬಲೂನೂ ಹೊಡೆಯದವನ ಗತ್ತು ನೋಡಬೇಕಿತ್ತು!

ಮೊದಲ ತಿಂಗಳು ಒಂಬತ್ತು, ಹತ್ತು. ಆಮೇಲೆ ಏಳು, ಆರು. "ಯಾಕೋ ಕೈ ನಿಲ್ಲವಲ್ದು," ಎನ್ನುತ್ತಿದ್ದಳು. ಆ ಬಾಡಿದ ಮುಖ ನೋಡಲಾರದೆ, ಒಂದು ದಿನ ಆಫೀಸಿನಲ್ಲಿ ಹೊಸ ಹಾಳೆ ಮುದ್ರಿಸಿದೆ. ಕಪ್ಪು ವೃತ್ತವನ್ನೇ ದೊಡ್ಡದು ಮಾಡಿದರೆ ಅವಳಿಗೆ ತಿಳಿಯುತ್ತದೆ. ಒಳಗಿನ ಉಂಗುರಗಳನ್ನಷ್ಟೇ ಕೂದಲೆಳೆಯಷ್ಟು ಹಿಗ್ಗಿಸಿದೆ. ಮರುವಾರ ಇನ್ನೊಂದೆಳೆ. ಒಂಬತ್ತುಗಳು ಮರಳಿದವು.

"ನೋಡ್ರಿ, ಕೈ ಕುದುರಿತು! ಯಲ್ಲಾ, ನಡೀರಿ, ಇನ್ನೊಂದು ಸುತ್ತು!"

ಬೆಂಗಳೂರಿನಲ್ಲಿ ಅವಳ ಅರ್ಧದಷ್ಟು ಗುಂಡುಗಳು ಕಪ್ಪಿನ ಅಂಚಿಗಷ್ಟೇ ತಾಗಿ ಏಳಕ್ಕೇ ನಿಂತವು. ಹೋಟೆಲಿಗೆ ಬಂದವಳು ಸ್ಪರ್ಧೆಯ ಹಾಳೆಯನ್ನೂ ನನ್ನ ಹಾಳೆಯನ್ನೂ ಹಾಸಿಗೆಯ ಮೇಲೆ ಹರಡಿ, ಸ್ಕೇಲಿಟ್ಟು ಅಳೆದಳು.

"ಉಂಗುರ ಹಿಗ್ಗಿಸೀರಿ, ಹೌದಿಲ್ರಿ?"

"ನಿನಗ ಬ್ಯಾಸರ ಆಗಬಾರದಂತ..."

"ನನ್ನ ಕೈ ನಡಗತದಂತ ನಿಮಗ ಗೊತ್ತಿತ್ತು. ನನಗ ಯಾಕ ಹೇಳಲಿಲ್ಲ?"

ನಾನು ಹಾಳೆಗಳನ್ನು ಮಡಿಚತೊಡಗಿದೆ. ಮರುದಿನ ಕಂಡ ನರರೋಗದ ವೈದ್ಯರು, ಇದು ಹೆಚ್ಚುತ್ತಲೇ ಹೋಗುವ ನಡುಕ, ಮಾತ್ರೆಯಿಂದ ಒಂದಿಷ್ಟು ತಡೆಹಿಡಿಯಬಹುದಷ್ಟೆ ಎಂದರು. "ಯಾವಾಗ ಶುರುವಾಯ್ತು?" ಎಂದು ಕೇಳಿದಾಗ ಸುಮಾ ನನ್ನತ್ತ ನೋಡಿದಳು. ಯಾವ ವಾರ ಎಷ್ಟು ಹೆಚ್ಚಿತೆಂದು ಕರಾರುವಾಕ್ಕಾಗಿ ಬಲ್ಲವನು ನಾನೊಬ್ಬನೇ. ಹೇಳಿದೆ. "ಆಗಲೇ ಬರಬಹುದಿತ್ತಲ್ಲ," ಎಂದರು ಅವರು, ಬರೆಯುತ್ತಲೇ. ಆಕೆ ಮತ್ತೆ ಪಿಸ್ತೂಲು ಮುಟ್ಟಲಿಲ್ಲ. ನನ್ನನ್ನು ಬೈಯಲೂ ಇಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ಸಂಜೆ ಮನೆಗೆ ಬಂದಾಗ ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸೀರೆಯ ಮೇಲೆಲ್ಲ ಚೆಲ್ಲಿತ್ತು.

"ಹೋದ ತಿಂಗಳಕಿಂತ ಕಡಿಮಿ ಆಗ್ಯದೇನ್ರಿ?"

ಹೌದೆನ್ನಲು ಬಾಯಿ ತೆರೆದವನು ತಡೆದುಕೊಂಡೆ.

"ಇಲ್ಲ ಸುಮಾ. ಹೆಚ್ಚಾಗ್ಯದ."

ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಒಂದು ಗುಟುಕಿಗೆ ಬಾಯಿ ತೆರೆದಳು.