ಏಳುವ ಶಿಲುಬೆಯ ಕೆಳಗೆ

ಬೆಳಕು ಹರಿಯುವ ಮುನ್ನವೇ ಕಸಿಲ್ದಾ ಮೊರೆನೊ ರಂಗದ ಕೆಳಗೆ ಇಳಿದಿದ್ದಾರೆ. ಸ್ಪೇನಿನ ತೊರ್ರೆಪಾರ್ದಾ ಊರಿನ ಹಳೆಯ ನಾಟಕದಂಗಳದ ಈ ನೆಲಮಾಳಿಗೆಯಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಒಣ ಸೋಪಿನ ತುಂಡು. ಶಿಲುಬೆ ಜಾರಿಕೊಂಡು ಮೇಲೇರುವ ಮರದ ಕಂಬಗಳಿಗೆ ಸೋಪು ತಿಕ್ಕುತ್ತಾರೆ, ಬೆರಳಾಡಿಸಿ ನೋಡುತ್ತಾರೆ, ನೋಡಿದ ಜಾಗವನ್ನೇ ಮತ್ತೆ ನೋಡುತ್ತಾರೆ.

"ಜುಲೈ ಬಿಸಿಲಿಗೆ ಮರ ಸೊಟ್ಟಗಾಗುತ್ತೆ. ಎಣ್ಣೆ ಹಾಕಿದ್ರೆ ಧೂಳು ಕೂರುತ್ತೆ" ಎನ್ನುತ್ತಾರೆ, ತಲೆ ಎತ್ತದೆ.

ಮೇಲೆ ಪ್ರತಿ ಬೇಸಿಗೆ ಆಡುವುದು ನಾಲ್ಕು ಶತಮಾನಗಳ ಹಿಂದಿನ ನಾಟಕ. ಸ್ಪೇನಿನ ಹಡಗುಗಳು ಅಮೆರಿಕ ಎಂಬ ಹೊಸ ನಾಡಿನ ದಡ ಸೇರುತ್ತವೆ. ಸೈನಿಕರು ಚಿನ್ನ ಎಲ್ಲಿದೆ ಎಂದು ಕೇಳುತ್ತಾರೆ, ಪಾದ್ರಿ ಮರಳಲ್ಲಿ ಶಿಲುಬೆ ನೆಡುತ್ತಾನೆ. ಅಲ್ಲಿನ ನಾಯಕ ಅದನ್ನು ಕೊಡಲಿಯಿಂದ ಕಡಿದು ಉರುಳಿಸುತ್ತಾನೆ. ಆಗ ಅದೇ ಜಾಗದಲ್ಲಿ ಇನ್ನೊಂದು ಶಿಲುಬೆ ತಾನೇ ತಾನಾಗಿ ಎದ್ದು ನಿಲ್ಲುತ್ತದೆ, ನಾಯಕ ಮಂಡಿಯೂರುತ್ತಾನೆ. ಬರೆದ ಕವಿ ತನ್ನವರ ದುರಾಸೆಯನ್ನು ಮುಚ್ಚಿಡಲಿಲ್ಲ, ಆದರೆ ಕೊನೆಯ ಮಾತನ್ನು ಪವಾಡಕ್ಕೇ ಬಿಟ್ಟ. ಆ ಪವಾಡವನ್ನು ರಾಟೆ ತಿರುಗಿಸಿ ಮೇಲೆತ್ತುವವರು ಕಸಿಲ್ದಾ.

ಅವರಿಗೀಗ ಅರವತ್ತೊಂದು. ಮೊದಲು ರಾಟೆ ತಿರುಗಿಸುತ್ತಿದ್ದವರು ಅವರ ಗಂಡ, ಊರಿನ ಬಡಗಿ. ಅವರು ತೀರಿಕೊಂಡ ಬೇಸಿಗೆ ಬೇರಾರೂ ಸಿಗದೆ ನಾಟಕದವರು ಹೆಂಡತಿಯನ್ನು ಕೆಳಗಿಳಿಸಿದರು. ಇಪ್ಪತ್ತಾರು ವರ್ಷವಾಯಿತು. ನಾಟಕವಿಲ್ಲದ ತಿಂಗಳುಗಳಲ್ಲಿ ಬೆಳ್ಳುಳ್ಳಿ ಹೊಲದ ಕೂಲಿ, ಅಕ್ಟೋಬರಿನಲ್ಲಿ ಕೇಸರಿ ಹೂ ಬಿಡಿಸುವ ಕೆಲಸ. ಶಿಲುಬೆಯ ತೂಕ ನಲವತ್ತು ಕಿಲೋ. "ದೇವರೇ ಎತ್ತಿದ ಅಂತ ಮುಂದಿನ ಸಾಲಿನ ಅಜ್ಜಿಯರು ಎದೆ ಮುಟ್ಕೋತಾರೆ. ಎತ್ತೋದು ಯಾರು ಅಂತ ನನ್ನ ಸೊಂಟಕ್ಕೆ ಗೊತ್ತು."

ಕಳೆದ ಗುರುವಾರ ಶಿಲುಬೆ ಮೊಣಕಾಲೆತ್ತರಕ್ಕೆ ಬಂದು ಸಿಕ್ಕಿಕೊಂಡಿತು. ಅದು ಏಳುವಾಗ ಕಹಳೆ ಊದುವವನು ಎರಡು ಸಲ ಊದಿದ. "ನಿಮ್ಮ ಪವಾಡಕ್ಕೆ ಮಂಡಿನೋವೇನ್ರೋ?" ಎಂದು ಯಾರೋ ಕೂಗಿದರು, ಅಂಗಳವೆಲ್ಲ ನಕ್ಕಿತು. ಎರಡು ದಿನ ಬಿಟ್ಟು ನಿರ್ದೇಶಕಿ ಇತ್ಸಿಯಾರ್, ಪವಾಡವನ್ನೇ ಕೈಬಿಡುವ ಯೋಚನೆ ಇದೆ, ಬಿದ್ದ ಶಿಲುಬೆ ಬಿದ್ದೇ ಇರಲಿ ಎಂದರು. ಅದರ ಹಿಂದೆ ಬಂದ ಕತ್ತಿ ಎಷ್ಟು ಜನರನ್ನು ಕೊಂದಿತೆಂದು ತಿಳಿದೂ ಹೇಗೆ ಎಬ್ಬಿಸುವುದು ಎಂಬುದು ಅವರ ಪ್ರಶ್ನೆ. ಇಂದಿನ ತಾಲೀಮಿನಲ್ಲಿ ತೀರ್ಮಾನ.

ಅಂದಿನಿಂದ ಕಸಿಲ್ದಾಗೆ ನಿದ್ದೆಯಿಲ್ಲ. "ಪವಾಡಾನ ನಾಟಕಕ್ಕೋಸ್ಕರ ತೆಗೀತಾರೋ, ನನ್ನ ಸೊಂಟ ನೋಡಿ ತೆಗೀತಾರೋ, ಅದನ್ನಾದ್ರೂ ಹೇಳಲಿ."

ಬೆಳಗಿನ ತಿಂಡಿಗೆ ವಿಲ್ಮೆರ್ ಪಕ್ಕಕ್ಕೆ ಬಂದು ಕೂರುತ್ತಾನೆ. ಬೊಲಿವಿಯಾದ ಗಣಿ ಊರಿನವನು, ಶಿಲುಬೆ ಕಡಿಯುವ ನಾಯಕನ ಪಾತ್ರ ಅವನದು. ಟೊಮೇಟೊ ಸವರಿದ ಬ್ರೆಡ್ಡನ್ನು ಕಸಿಲ್ದಾ ಅವನತ್ತ ತಳ್ಳುತ್ತಾರೆ.

"ಕಸಿಲ್ದಾ ಅಮ್ಮಾ, ನೀವು ಎಬ್ಬಿಸಲಿಲ್ಲ ಅಂದ್ರೆ ಇವತ್ತು ಗೆಲುವು ನಂದು."

"ಗೆಲ್ಲು ಮಗನೇ. ನಾನು ಬೆಳ್ಳುಳ್ಳಿ ಕೀಳ್ತೀನಿ."

ಅವನು ನಗುವುದಿಲ್ಲ. ತಾಲೀಮು ಶುರುವಾಗುತ್ತಲೇ ವಿಲ್ಮೆರ್ ಇತ್ಸಿಯಾರ್ ಅವರ ಮುಂದೆ ಹೋಗಿ ನಿಲ್ಲುತ್ತಾನೆ. "ಅದು ಬಿದ್ದೇ ಇದ್ರೆ ನಮ್ಮವರು ಗೆದ್ದಂಗಾಯ್ತಲ್ಲ ಮೇಡಂ. ಗೆದ್ದಿಲ್ಲ. ನಮ್ಮೂರಲ್ಲಿ ಗುಡ್ಡಗುಡ್ಡದ ಮೇಲೂ ಶಿಲುಬೆ ಇದೆ. ಒಂದೂ ತಾನಾಗಿ ಎದ್ದಿದ್ದಲ್ಲ. ಯಾರೋ ಹೊತ್ತಿದ್ರು, ಯಾರೋ ಎಳೆದಿದ್ರು."

ಇತ್ಸಿಯಾರ್ ಅಂಗಳಕ್ಕೆ ಒಂದು ಸುತ್ತು ಹಾಕುತ್ತಾರೆ. ಆಮೇಲೆ ನೆಲಬಾಗಿಲ ಬಳಿ ಬಗ್ಗಿ ಹೇಳುತ್ತಾರೆ: "ಕಸಿಲ್ದಾ, ಎಬ್ಬಿಸಿ. ಕಹಳೆ ಇರಲ್ಲ. ರಾಟೆ ಸದ್ದು ಜನಕ್ಕೆ ಕೇಳಲಿ."

"ಆ ಸದ್ದು ಮುಚ್ಚೋಕೇ ಅಲ್ವೇನಮ್ಮಾ ಕಹಳೆ ಇಟ್ಟಿದ್ದು? ಮತ್ತೆ ನಗ್ತಾರೆ."

"ನಕ್ಕರೆ ನಾಳೆ ನಿಲ್ಲಿಸೋಣ."

ಸಂಜೆ ಅಂಗಳ ತುಂಬಿದೆ. ಕೆಳಗೆ ಕಸಿಲ್ದಾ ರಾಟೆಯ ಹಿಡಿಗೆ ಎರಡೂ ಕೈ ಕೊಟ್ಟು ಕಾಯುತ್ತಿದ್ದಾರೆ, ಅಂಗೈ ಬೆವರನ್ನು ಮತ್ತೆ ಮತ್ತೆ ಲಂಗಕ್ಕೆ ಒರೆಸಿಕೊಳ್ಳುತ್ತಾರೆ. ತಲೆಯ ಮೇಲೆ ಕೊಡಲಿಯ ಪೆಟ್ಟು. ಶಿಲುಬೆ ಉರುಳಿದ ಸದ್ದು. ಮೌನ. ಅವರು ತಿರುಗಿಸುತ್ತಾರೆ. ರಾಟೆ ನರಳುತ್ತದೆ, ಹಗ್ಗ ಕಿರುಗುಟ್ಟುತ್ತದೆ, ಅವರ ಏದುಸಿರೂ ಅದರ ಜೊತೆಗೆ. ಮೊಣಕಾಲೆತ್ತರದಲ್ಲಿ ಹಗ್ಗ ಬಿಗಿಯುತ್ತದೆ. ಅವರು ಭುಜ ಕೊಟ್ಟು ನೂಕುತ್ತಾರೆ. ಮರ ಒಮ್ಮೆ ಅದುರಿ ದಾರಿ ಬಿಡುತ್ತದೆ. ಮೇಲೆ ಯಾರೂ ನಗುವುದಿಲ್ಲ. ಯಾರೂ ಎದೆ ಮುಟ್ಟಿಕೊಳ್ಳಲಿಲ್ಲ ಎಂದು ವಿಲ್ಮೆರ್ ಆಮೇಲೆ ಹೇಳಿದ. ಜನ ಶಿಲುಬೆಯನ್ನು ಬಿಟ್ಟು ಅದರ ಬುಡವನ್ನೇ ನೋಡುತ್ತಿದ್ದರಂತೆ.

ಕಸಿಲ್ದಾ ಮೆಟ್ಟಿಲ ಮೇಲೆ ಕೂತು ನೀರು ಕುಡಿಯುತ್ತಾರೆ.

"ನಾಳೆ ಏನೋ, ಗೊತ್ತಿಲ್ಲ. ಇಷ್ಟು ವರ್ಷ ಕೆಳಗೆ ಯಾರೂ ಇಲ್ಲ ಅಂತ ನಂಬಿಸೋದೇ ನನ್ನ ಕೆಲಸ ಆಗಿತ್ತು. ಇವತ್ತು ಇದ್ದೆ. ಎಲ್ಲರಿಗೂ ಕೇಳಿಸ್ತು."