ಗೇಟು ತಿರುವಿದ ಅಂಗೈ

ನಮ್ಮ ಜೀವಶಾಸ್ತ್ರದ ಸರ್ ಅವರ ಅಂಗೈ ಪಾಠ ಹೇಳುವವರ ಅಂಗೈಯಂತಿರಲಿಲ್ಲ. ಬೆರಳುಗಳ ಬುಡದುದ್ದಕ್ಕೂ ದಡ್ಡುಗಟ್ಟಿತ್ತು, ಅದರ ಸೀಳುಗಳಲ್ಲಿ ಸೀಮೆಸುಣ್ಣದ ಪುಡಿ ಕೂತುಬಿಡುತ್ತಿತ್ತು. ಓದುವ ದಿನಗಳಲ್ಲಿ ಕಾಲುವೆಯ ಮೇಲೆ ನೀರು ಬಿಡುವ ಗೇಟನ್ನು ತಡೆದು ತಡೆದು ತಿರುವುವ ಕೆಲಸ ಮಾಡಿದವರು ಅವರು. ಸುರಪುರದ ಕಾಲೇಜಿಗೆ ಬಂದ ಮೇಲೂ ಆ ಚಾಳಿ ಬಿಟ್ಟಿರಲಿಲ್ಲ. ಎರಡು ವಾಕ್ಯ ಹೇಳುವುದು, ಸುಮ್ಮನೆ ನಿಂತು ನಮ್ಮ ಮುಖ ನೋಡುವುದು. "ಒಂದ್ ಸುತ್ತು ತಿರುವಬೇಕು, ನಿಂತು ನೀರು ನೋಡಬೇಕು" ಎನ್ನುತ್ತಿದ್ದರು. ನನಗೆ ತಾಳ್ಮೆ ಕಡಿಮೆ. ಪರೀಕ್ಷೆಯೊಳಗೆ ಪಾಠ ಮುಗಿದ ಹಾಗೇ ಎಂದು ಪಕ್ಕದವಳ ಕಿವಿಯಲ್ಲಿ ಗೊಣಗುತ್ತಿದ್ದೆ.

ಒಂದು ದಿನ ರೋಗನಿರೋಧಕ ಜೀವಕೋಶದ ಪಾಠ. ಪುಸ್ತಕದಲ್ಲಿ ಎರಡೇ ಸಾಲು ಇದ್ದದ್ದನ್ನು ಅವರು ನಮ್ಮಿಂದಲೇ ಆಡಿಸಿದರು. ತರಗತಿಯೇ ಜೀವಕೋಶ, ಕರಿಹಲಗೆಯ ಮೇಲೆ ಬರೆದ ಸಾಲುಗಳು ಜೀನುಗಳು. ರೋಗಾಣು ಬಂದ ಸುದ್ದಿ ಬಾಗಿಲಲ್ಲಿ ನಿಂತವಳಿಗೆ ಮುಟ್ಟಬೇಕು. ಅವಳು ಪಕ್ಕದವಳ ಭುಜ ತಟ್ಟಬೇಕು, ಅವಳು ಮುಂದಿನವಳದು. ಹೀಗೆ ಸುದ್ದಿ ಸಾಗಿಸುವವರೆಲ್ಲ ಪ್ರೋಟೀನುಗಳು. ಕೊನೆಯವಳು ಹಲಗೆಗೆ ಹೋಗಿ ಸರಿಯಾದ ಜೀನಿನ ಮೇಲೆ ಕೈ ಇಟ್ಟರೆ ಅದು ಎಚ್ಚರಾಗುತ್ತದೆ, ಹೋರಾಟದ ಸರಕು ತಯಾರಾಗುತ್ತದೆ. ಆದರೆ ಸುದ್ದಿ ಬರುವ ತನಕ ಆ ಕೊನೆಯವಳನ್ನು ಹಿಡಿದು ಕೂರಿಸಲು ಇನ್ನೊಂದು ಪ್ರೋಟೀನು ಬೇಕು. ಆ ಪಾತ್ರ ನನಗೆ ಬಂತು.

"ಗಟ್ಟಿ ಹಿಡಿ" ಎಂದರು ಸರ್.

ಕೊನೆಯವಳಾಗಿದ್ದ ಗೆಳತಿಯ ಮಣಿಕಟ್ಟು ಹಿಡಿದೆ, ಬೆರಳು ಮಡಿಚಲಿಲ್ಲ. ಅವಳು ಸಲೀಸಾಗಿ ಜಾರಿಕೊಂಡಳು, ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಹತ್ತಿರ ಬಂದು ನನ್ನ ಬಾತ ಬೆರಳು ನೋಡಿ, "ಎಷ್ಟ ದಿನದಿಂದ ಹಿಂಗದ?" ಎಂದರು. ಎರಡು ತಿಂಗಳಿಂದ ಪೆನ್ನು ಹಿಡಿಯುವುದೇ ಕಷ್ಟವಾಗಿತ್ತು. ಮನೆಯಲ್ಲಿ ತಿಳಿದರೆ ಓದು ಬಿಡಿಸುತ್ತಾರೆಂದು ಹೆದರಿ ಮುಚ್ಚಿಟ್ಟಿದ್ದೆ.

ಅವರೇ ಯಾದಗಿರಿಯ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ರೋಗಾಣುವೇ ಇಲ್ಲದೆ ಒಳಗೆ ಸುಳ್ಳು ಸುದ್ದಿ ಹರಿದು, ನನ್ನ ಕಾವಲಿನ ಪಡೆ ನನ್ನ ಕೀಲುಗಳ ಮೇಲೇ ಬಿದ್ದಿತ್ತಂತೆ. ಗುಳಿಗೆ ಜೀನುಗಳ ತನಕ ಹೋಗಿ ಸಾಕು ಎನ್ನುತ್ತದೆ ಎಂದು ಸರ್ ವಿವರಿಸಿದರು. ಕೆಲವು ವಾರಗಳಲ್ಲಿ ಊತ ಇಳಿಯಿತು. "ಅರಾಮ ಆಗ್ಯದಲ್ಲ, ಇನ್ನ ಗುಳಗಿ ಯಾಕ?" ಎಂದಳು ಅವ್ವ. ನನಗೂ ಅದೇ ಬೇಕಿತ್ತು. ಉಳಿದವನ್ನು ಪಕ್ಕದ ಮನೆಯ ಅತ್ತೆಯ ಮೊಣಕಾಲಿಗೆ ದಾನ ಮಾಡಿ ಪುಣ್ಯ ಕಟ್ಟಿಕೊಂಡೆವು. ನಾಲ್ಕು ದಿನಕ್ಕೆ ನಾನು ಹಾಸಿಗೆ ಬಿಟ್ಟು ಏಳಲಾರದೆ ಹೋದೆ.

ಡಾಕ್ಟರು ಮತ್ತೆ ಗುಳಿಗೆ ಶುರು ಮಾಡಿದ ಮೇಲೆ ಸರ್ ದೇವಾಪುರದ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬಂದರು. ಬೈಗುಳಕ್ಕೆ ತಯಾರಾಗಿ ಕೂತಿದ್ದೆವು. ಅವರು ನೀರು ಕುಡಿದು ಅವ್ವನನ್ನು ಕೇಳಿದರು:

"ಯಕ್ಕಾ, ಮುಚ್ಚಿದ ಗೇಟು ಒಮ್ಮೆಲೆ ಪೂರಾ ಎತ್ತಿದರ ಏನಾಗ್ತದ?"

"ಹೊಲದ ಕಾಲಿವಿ ಒಡೀತದ್ರಿ. ಹೋದ ವರ್ಷ ನಮ್ಮ ಶೇಂಗಾ ಹಂಗೇ ಹೋತು."

"ಇಕಿ ಮೈಯಾಗೂ ಅದೇ ಆಗ್ಯದ. ಗುಳಗಿ ಗೇಟು ಮುಚ್ಚಿತ್ತು, ನೀವು ಒಮ್ಮೆಲೆ ಎತ್ತೀರಿ. ಡಾಕ್ಟರ್ ಹೇಳಿದಂಗ ಸಾವಕಾಶ ಕಮ್ಮಿ ಮಾಡ್ರಿ. ಒಂದ್ ಸುತ್ತು ತಿರುವಬೇಕು..."

"ನಿಂತು ನೀರು ನೋಡಬೇಕು" ಎಂದಳು ಅವ್ವ, ಇದನ್ನು ತನಗೇ ಹೇಳಬೇಕೇ ಎಂಬ ಹಾಗೆ. ಅವತ್ತೇ ಅತ್ತೆಯ ಮನೆಗೆ ಹೋಗಿ ಉಳಿದ ಗುಳಿಗೆ ಕಸಿದುಕೊಂಡು ಬಂದಳು.

ಗುಳಿಗೆ ಇಳಿಸಲು ಒಂದು ವರ್ಷವೇ ಹಿಡಿಯಿತು. ಪರೀಕ್ಷೆಯನ್ನು ನಾನೇ ನನ್ನ ಕೈಯಿಂದ ಬರೆದೆ. ಈಗ ಶಹಾಪುರದಲ್ಲಿ ಅದೇ ಪಾಠ ಮಾಡುತ್ತೇನೆ, ಹುಡುಗಿಯರನ್ನು ಅದೇ ರೀತಿ ಸಾಲಾಗಿ ನಿಲ್ಲಿಸುತ್ತೇನೆ, ಹಿಡಿಯುವವಳ ಬೆರಳನ್ನು ಮೊದಲು ನೋಡುತ್ತೇನೆ. ಎಚ್ಚರಾದ ಜೀನುಗಳಲ್ಲೊಂದು, ಹಿಡಿದು ಕೂರಿಸುವ ಆ ಪ್ರೋಟೀನನ್ನೇ ಮತ್ತೆ ತಯಾರಿಸಿ ಹೋರಾಟ ನಿಲ್ಲಿಸುತ್ತದೆ ಎಂಬಲ್ಲಿಗೆ ಬಂದಾಗ ಮಾತು ನಿಲ್ಲಿಸಿ ಅವರ ಮುಖ ನೋಡುತ್ತೇನೆ. ಹಿಂದಿನ ಬೆಂಚಿನಲ್ಲಿ ಯಾರೋ ಗೊಣಗುತ್ತಾರೆ. ಗೊಣಗಲಿ.

ಹೋದ ಬೇಸಿಗೆಯಲ್ಲಿ ಸರ್ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎಲ್ಲರಂತೆ ನಾನೂ ಗುಂಡಿಗೆ ಹಾಕಲು ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಐದೂ ಬೆರಳು ಪೂರ್ತಿ ಮಡಿಚಿಕೊಂಡವು. ಗಟ್ಟಿ ಹಿಡಿದಿದ್ದೆ. ಬಿಡುವುದಕ್ಕೆ ಮಾತ್ರ ಬಹಳ ಹೊತ್ತಾಯಿತು.